ಎಂಜಿನ್ನಿನ ವೈದ್ಯ ಚಾರ್ಲ್ಸ್ ಕೆಟರಿಂಗ್

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಎಂಜಿನ್ನಿನ ಮಾತೇಕೆಂದು ವಾಚಕ ಮಿತ್ರರು ಹುಬ್ಬೇರಿಸಬಹುದು. ನಾನು ಇತಿಹಾಸದ ವಿದ್ಯಾರ್ಥಿ. ಸ್ಪ್ಯಾನರು ಹಿಡಿದು ಪಳಗಿದ ಕೈಯಲ್ಲ. ಆದರೆ ಮೊದಲ ವರ್ಷದಿಂದಲೂ ನಮ್ಮ ಅಧ್ಯಾಪಕರು ನಮಗೆ ಕಲಿಸುತ್ತ ಬಂದಿರುವ ಪಾಠವೊಂದುಂಟು. ಒಂದು ಘಟನೆಗೆ ನಿಜವಾದ ಕಾರಣವಾವುದು, ಅದರ ಜೊತೆಯಲ್ಲಿ ಸುಮ್ಮನೆ ಕಾಣಿಸಿಕೊಂಡದ್ದಾವುದು ಎಂಬುದನ್ನು ಬೇರ್ಪಡಿಸಿ ನೋಡಬೇಕೆಂಬುದೇ ಆ ಪಾಠ. ಸಾಮ್ರಾಜ್ಯದ ಪತನಕ್ಕೆ ಕಾರಣ ಹುಡುಕುವುದೂ, ಕೆಮ್ಮಿ ಕೆಮ್ಮಿ ನಿಲ್ಲುವ ಕಾರಿಗೆ ಕಾರಣ ಹುಡುಕುವುದೂ ಒಂದೇ ಜಾತಿಯ ಕೆಲಸವೆಂದು ನನಗೆ ತೋರುತ್ತದೆ. ಎರಡನೆಯದರಲ್ಲಿ ಒಂದು ಅನುಕೂಲವಿದೆ. ತಪ್ಪು ಉತ್ತರ ಹೇಳಿದರೆ ಕಾರು ಮತ್ತೆ ನಿಂತುಬಿಡುತ್ತದೆ. ಇತಿಹಾಸಕಾರನಿಗೆ ಇಂಥ ಶಿಕ್ಷೆಯಿಲ್ಲ.

ಹೀಗೆ ಕಾರಣ ಹುಡುಕುವುದರಲ್ಲೇ ಬಾಳನ್ನು ಕಳೆದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಆತನು 1876ರ ಆಗಸ್ಟ್ 29ರಂದು ಓಹಾಯೊ ಸಂಸ್ಥಾನದ ಲೌಡನ್‌ವಿಲ್ ಎಂಬ ಊರಿನ ಬಳಿಯ ಒಂದು ಹೊಲದ ಮನೆಯಲ್ಲಿ ಹುಟ್ಟಿದನು. ಒಕ್ಕಲು ಮಕ್ಕಳು, ಮನೆಯಲ್ಲಿ ದುಡಿಮೆಗೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ಹುಡುಗನ ಬುದ್ಧಿ ಚುರುಕು, ಕಣ್ಣು ಮಾತ್ರ ದುರ್ಬಲ. ಸ್ವಲ್ಪ ಕಾಲ ಹಳ್ಳಿಯ ಶಾಲೆಗಳಲ್ಲಿ ಮೇಷ್ಟರಾಗಿದ್ದು, ಕೂಡಿಟ್ಟ ಹಣದಿಂದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಓದಿ ಓದಿ ಕಣ್ಣುರಿ ಹೆಚ್ಚಾಗಿ ನಡುವೆಯೇ ಓದು ಬಿಡಬೇಕಾಯಿತು. ಆಗ ಆತನು ಹಿಡಿದ ಕೆಲಸ ಟೆಲಿಫೋನ್ ಕಂಪನಿಯೊಂದರಲ್ಲಿ ಕಂಬಕ್ಕೆ ಗುಂಡಿ ತೋಡಿ ತಂತಿ ಎಳೆಯುವ ತಂಡದಲ್ಲಿ. ಕೆಲವೇ ದಿನಗಳಲ್ಲಿ ತಂಡಕ್ಕೆ ಮೇಸ್ತ್ರಿಯಾದನು. ಮೈಲಿಗಟ್ಟಲೆ ಹರಿದ ತಂತಿಯಲ್ಲಿ ಎಲ್ಲಿ ಕಡಿದಿದೆ, ಎಲ್ಲಿ ನೆಲಕ್ಕೆ ತಗುಲಿದೆ ಎಂದು ಹುಡುಕುವ ಕೆಲಸವದು. ಮುಂದೆ ಆತನು ಮಾಡಿದ್ದೆಲ್ಲಕ್ಕೂ ಆ ಹೊಲಗದ್ದೆಗಳ ನಡುವಿನ ಎರಡು ವರ್ಷವೇ ಬುನಾದಿಯೆಂದು ನಾನು ಎಣಿಸುತ್ತೇನೆ. ಅನಂತರ ಮರಳಿ ಕಾಲೇಜು ಸೇರಿ, ಜೊತೆಯವರಿಂದ ಪಾಠಗಳನ್ನು ಓದಿಸಿ ಕೇಳಿಕೊಂಡು, 1904ರಲ್ಲಿ ವಿದ್ಯುತ್ ಎಂಜಿನಿಯರ್ ಪದವಿ ಪಡೆದನು. ಆಗ ವಯಸ್ಸು ಇಪ್ಪತ್ತೇಳು ದಾಟಿತ್ತು. ನಮ್ಮಲ್ಲಿ ಒಂದೆರಡು ವರ್ಷ ಹಿಂದೆ ಬಿದ್ದವರು ಈ ಸಂಗತಿಯನ್ನು ಗುರುತು ಹಾಕಿಕೊಳ್ಳಬಹುದು.

ಅದೇ ವರ್ಷ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ನೌಕರಿ ಸಿಕ್ಕಿತು. ಅಂಗಡಿಯ ಗಲ್ಲದ ಮೇಲಿರುವ ಹಣದ ಯಂತ್ರವನ್ನು ಕೈಯಿಂದ ತಿರುಗಿಸುವ ಬದಲು ವಿದ್ಯುತ್ತಿನಿಂದ ತಿರುಗಿಸುವ ಉಪಾಯವನ್ನು ಆತನು ಕಂಡುಹಿಡಿದನು. ಅದರಲ್ಲಿ ಒಂದು ಸೂಕ್ಷ್ಮವಿತ್ತು. ಮೋಟಾರು ಇಡೀ ದಿನ ಓಡಬೇಕಾಗಿಲ್ಲ. ಗಿರಾಕಿ ಬಂದಾಗ ಒಂದು ಕ್ಷಣ ಬಲವಾಗಿ ಎಳೆದರೆ ಸಾಕು. ಹಾಗಿದ್ದ ಮೇಲೆ ಪುಟ್ಟ ಮೋಟಾರಿನ ಮೇಲೆ ಆ ಕ್ಷಣಕ್ಕೆ ಅಳತೆ ಮೀರಿದ ಹೊರೆ ಹೊರಿಸಬಹುದು, ಅದು ಸುಟ್ಟುಹೋಗುವುದಿಲ್ಲ. ಈ ಸಣ್ಣ ಅರಿವು ಮುಂದೆ ಮೋಟಾರು ಪ್ರಪಂಚವನ್ನೇ ಬದಲಿಸಿತು.

ಕಂಪನಿಯ ಹಿರಿಯ ಅಧಿಕಾರಿ ಎಡ್ವರ್ಡ್ ಡೀಡ್ಸ್ ಎಂಬಾತನಿಗೆ ಕಾರುಗಳ ಹುಚ್ಚು. ಆತನ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಕೆಟರಿಂಗ್ ಮತ್ತು ಕೆಲವು ಸಹೋದ್ಯೋಗಿಗಳು ಹಗಲು ನೌಕರಿ ಮುಗಿಸಿ ರಾತ್ರಿ ಕೆಲಸಕ್ಕೆ ಕೂಡತೊಡಗಿದರು. ಆ ಕಾಲದ ಕಾರುಗಳ ದೊಡ್ಡ ಬೇನೆ ಕಿಡಿಯದು. ಸಿಲಿಂಡರಿನಲ್ಲಿ ಪೆಟ್ರೋಲ್ ಆವಿಯೂ ಗಾಳಿಯೂ ಬೆರೆತು ಅದುಮಿಕೊಂಡಿರುವಾಗ, ಸರಿಯಾದ ಗಳಿಗೆಯಲ್ಲಿ, ಸಾಕಷ್ಟು ಬಿಸಿಯಾದ ಒಂದು ಕಿಡಿ ಬೀಳಬೇಕು. ಬೀಳದಿದ್ದರೆ ಆ ಸಿಲಿಂಡರು ಆ ಸುತ್ತಿನಲ್ಲಿ ದುಡಿಯುವುದಿಲ್ಲ, ಎಂಜಿನ್ನು ಕುಂಟುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ಇದನ್ನೇ ಮಿಸ್ಸಿಂಗ್ ಎನ್ನುವುದು. ಆಗಿನ ಹಲವು ಕಾರುಗಳಲ್ಲಿ ನಡುಗುವ ನಾಲಗೆಯ ಕಾಯಿಲಿನಿಂದ ಕಿಡಿಗಳ ಮಳೆಯನ್ನೇ ಸುರಿಸುತ್ತಿದ್ದರು. ಅದರಿಂದ ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಕಿಡಿಗಳು ಅನೇಕವಾದರೂ ಗಳಿಗೆ ತಪ್ಪುತ್ತಿತ್ತು.

ಕೆಟರಿಂಗನು ಒಂದೇ ಕಿಡಿ, ಆದರೆ ಗಟ್ಟಿ ಕಿಡಿ ಎಂಬ ಹಾದಿ ಹಿಡಿದನು. ಆತನ ಹೆಸರಿನಿಂದಲೇ ಪ್ರಸಿದ್ಧವಾದ ಆ ಇಗ್ನಿಷನ್ ವ್ಯವಸ್ಥೆ ಕಾಲಕ್ರಮದಲ್ಲಿ ತಳೆದ ರೂಪವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಪದಾರ್ಥ ವಿಜ್ಞಾನದ ಪ್ರಯೋಗಶಾಲೆಯ ಇಂಡಕ್ಷನ್ ಕಾಯಿಲನ್ನು ಕಂಡವರಿಗೆ ಇದು ಕಷ್ಟವಲ್ಲ. ಕಾಯಿಲಿನಲ್ಲಿ ಎರಡು ಸುರುಳಿಗಳಿವೆ, ದಪ್ಪ ತಂತಿಯದು ಕೆಲವು ಸುತ್ತು, ಕೂದಲೆಳೆಯಂಥ ತಂತಿಯದು ಸಾವಿರಾರು ಸುತ್ತು. ಪಾಯಿಂಟ್ ಎಂಬ ಎರಡು ಲೋಹದ ಬಿಲ್ಲೆಗಳು ಕೂಡಿಕೊಂಡಿರುವಾಗ ದಪ್ಪ ಸುರುಳಿಯಲ್ಲಿ ಬ್ಯಾಟರಿಯ ಕರೆಂಟು ಹರಿದು ಕಾಂತಶಕ್ತಿ ತುಂಬುತ್ತದೆ. ತಿರುಗುವ ಒಂದು ಗಾಣಿ ಆ ಬಿಲ್ಲೆಗಳನ್ನು ತಟ್ಟನೆ ಬೇರ್ಪಡಿಸಿದಾಗ ಆ ಕಾಂತಶಕ್ತಿ ಕುಸಿಯುತ್ತದೆ, ತೆಳು ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಕುಸಿತವು ಎಷ್ಟು ಹಠಾತ್ತಾಗಿರುವುದೋ ಕಿಡಿ ಅಷ್ಟು ಬಲ. ಪಾಯಿಂಟುಗಳ ನಡುವೆಯೇ ಕರೆಂಟು ಹಾರಿ ಪೋಲಾಗದಂತೆ ನೋಡಿಕೊಳ್ಳಲು ಹೆಬ್ಬೆರಳ ಗಾತ್ರದ ಕಂಡೆನ್ಸರೊಂದು ಕಾವಲಿಗೆ ಇರುತ್ತದೆ. ಯಾವ ಸಿಲಿಂಡರಿಗೆ ಯಾವಾಗ ಎಂದು ಹಂಚುವುದು ಡಿಸ್ಟ್ರಿಬ್ಯೂಟರಿನ ಕೆಲಸ.

ಈ ಹೆಬ್ಬೆರಳ ಗಾತ್ರದ ವಸ್ತುವಿನ ಮಹಿಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಸೋದರಮಾವನವರಲ್ಲಿ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಇದೆ. ಅದರಲ್ಲಿರುವುದೂ ಕೆಟರಿಂಗನ ಇಗ್ನಿಷನ್ನೇ. ಬೆಳಗ್ಗೆ ಹೊರಟಾಗ ಮದುವಣಿಗನ ಹಾಗೆ ಹೋಗುವ ಆ ಕಾರು ಹದಿನೈದು ಇಪ್ಪತ್ತು ಮೈಲಿಯಾದ ಮೇಲೆ ಮಿಸ್ಸಿಂಗ್ ಹೊಡೆಯುತ್ತಿತ್ತು, ಏರು ಬಂದರೆ ನಿಂತೇಹೋಗುತ್ತಿತ್ತು. ಅರ್ಧ ಗಂಟೆ ಮರದ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಒಂದು ಗ್ಯಾರೇಜಿನವರು ಪೆಟ್ರೋಲಿನಲ್ಲಿ ಕಸವೆಂದು ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಇನ್ನೊಬ್ಬರು ಪೆಟ್ರೋಲ್ ಪಂಪು ಬಿಸಿಯಾಗುತ್ತದೆಂದು ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಕಳಿಸಿದರು. ನಾಲ್ಕು ಪ್ಲಗ್ಗುಗಳೂ ಬದಲಾದುವು. ಅರಸೀಕೆರೆಯ ದಾರಿಯಲ್ಲಿ ಕಾರು ನಿಂತಾಗ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಂದರು. ಮಾವನವರು ಆವರೆಗೆ ಏನೇನು ಬದಲಾಯಿಸಿತೆಂದು ಹೇಳತೊಡಗಿದರೆ ಆತನು ಅದಕ್ಕೆ ಕಿವಿಗೊಡಲಿಲ್ಲ. ಬಿಸಿಯಾದಾಗ ಮಾತ್ರವೇ ಹೀಗೆ ಎಂಬುದನ್ನು ಮಾತ್ರ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಸ್ವಿಚ್ಚು ಹಾಕಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಪಾಯಿಂಟನ್ನು ಬಿಡಿಸಿ ನೋಡಿದರು. ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಅಲ್ಲಿಯೇ ನೀಲಿಯಾಗಿ ಚಟಪಟನೆ ಹಾರುತ್ತಿತ್ತು. ಬಿಲ್ಲೆಗಳು ಸುಟ್ಟು ಕಪ್ಪಾಗಿದ್ದವು. ಕಾದಾಗ ಕೈಕೊಡುತ್ತಿದ್ದ ಕಂಡೆನ್ಸರನ್ನು ತೆಗೆದು ಇನ್ನೊಂದನ್ನು ಹಾಕಿದರು. ಹತ್ತು ನಿಮಿಷದ ಕೆಲಸ. ಆಮೇಲೆ ಆ ಕಾಯಿಲೆ ಮರುಕಳಿಸಲಿಲ್ಲ. ಕೆಟರಿಂಗನ ಚರಿತ್ರೆಯನ್ನು ಓದುವ ಆಸೆ ನನಗೆ ಹುಟ್ಟಿದ್ದು ಇದಾದ ಮೇಲೆ.

ಕ್ಯಾಡಿಲ್ಯಾಕ್ ಕಾರಿನ ಕಂಪನಿಯ ಮುಖ್ಯಸ್ಥನಾಗಿದ್ದ ಹೆನ್ರಿ ಲೆಲೆಂಡ್ ಎಂಬ ವೃದ್ಧನು ಕೊಟ್ಟಿಗೆಯವರ ಇಗ್ನಿಷನ್ನನ್ನು ಮೆಚ್ಚಿ ಸಾವಿರಾರು ಸಂಖ್ಯೆಯಲ್ಲಿ ಬೇಕೆಂದನು. 1909ರಲ್ಲಿ ಕೆಟರಿಂಗನು ನೌಕರಿ ಬಿಟ್ಟು, ಡೀಡ್ಸನ ಜೊತೆಗೂಡಿ ಡೆಲ್ಕೊ ಎಂಬ ಕಂಪನಿಯನ್ನು ಕಟ್ಟಿದನು. ಮುಂದಿನದು ಸೆಲ್ಫ್ ಸ್ಟಾರ್ಟರು. ಆಗೆಲ್ಲ ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಕಿಡಿ ಗಳಿಗೆಗೆ ಮುಂಚೆ ಬಿತ್ತೆಂದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟೇ ಮುರಿಯುತ್ತಿತ್ತು. ಎಂಜಿನ್ ತಿರುಗಿಸುವಷ್ಟು ಬಲದ ಮೋಟಾರನ್ನು ಕಾರಿನಲ್ಲಿ ಹೊರುವುದು ಆಗದ ಮಾತೆಂಬುದು ಬಲ್ಲವರ ಮತ. ಹಣದ ಯಂತ್ರದ ಪಾಠ ಕಲಿತಿದ್ದ ಕೆಟರಿಂಗನಿಗೆ ಅದು ಅಡ್ಡಿಯಾಗಲಿಲ್ಲ. ಒಂದು ಕ್ಷಣ ಎಳೆದರೆ ಸಾಕಲ್ಲ! 1911ರ ಫೆಬ್ರುವರಿಯಲ್ಲಿ ಕ್ಯಾಡಿಲ್ಯಾಕ್ ಕಾರೊಂದಕ್ಕೆ ಅದನ್ನು ಜೋಡಿಸಿ ತೋರಿಸಿದರು. 1912ರ ಮಾದರಿಗಳೆಲ್ಲ ಅದರೊಂದಿಗೇ ಮಾರಾಟಕ್ಕೆ ಬಂದವು. ಎಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ಬ್ಯಾಟರಿಗೆ ಕರೆಂಟು ತುಂಬುತ್ತಿತ್ತು.

ಕೀರ್ತಿ ಬಂತು, ಬೆನ್ನ ಹಿಂದೆಯೇ ಅಪವಾದವೂ ಬಂತು. ಹೊಸ ಕಾರುಗಳು ಏರು ಹತ್ತುವಾಗ ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಟಣ ಟಣ ಸದ್ದು ಕೇಳಿಸತೊಡಗಿತು. ಇದೇ ನಾಕಿಂಗ್. ಸದ್ದಿನ ಜೊತೆಗೆ ಬಲವೂ ಕುಂದುತ್ತಿತ್ತು, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತಿತ್ತು. ಮೊದಲಿಲ್ಲದ ಈ ರೋಗ ಬ್ಯಾಟರಿ ಇಗ್ನಿಷನ್ ಬಂದ ಮೇಲೆ ಕಾಣಿಸಿತು. ಆದ್ದರಿಂದ ರೋಗಕ್ಕೆ ಮೂಲ ಆ ಇಗ್ನಿಷನ್ನೇ ಎಂಬ ಮಾತು ಹಬ್ಬಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆನ್ನುವ ನಮ್ಮ ಗಾದೆಯನ್ನು ಓಹಾಯೊದವರು ಕೇಳಿರಲಿಲ್ಲವೆಂದು ತೋರುತ್ತದೆ. ಕೆಟರಿಂಗನಿಗೆ ಇದು ಮಾನದ ಪ್ರಶ್ನೆ, ವ್ಯಾಪಾರದ ಪ್ರಶ್ನೆಯೂ ಹೌದು.

ಡೆಲ್ಕೊದವರು ಹಳ್ಳಿಮನೆಗಳಿಗೆ ದೀಪದ ಕರೆಂಟು ಒದಗಿಸುವ ಒಂಟಿ ಸಿಲಿಂಡರಿನ ಪುಟ್ಟ ಎಂಜಿನ್ನುಗಳನ್ನೂ ಮಾಡುತ್ತಿದ್ದರು. ಅವು ಸೀಮೆಎಣ್ಣೆಯಲ್ಲಿ ಓಡಿದರೆ ನಾಕಿಂಗ್ ವಿಪರೀತ, ಪೆಟ್ರೋಲಿನಲ್ಲಿ ಓಡಿದರೆ ಕಡಮೆ. ಇಗ್ನಿಷನ್ ಅದೇ, ಎಂಜಿನ್ ಅದೇ, ಎಣ್ಣೆ ಮಾತ್ರ ಬೇರೆ! 1916ರಲ್ಲಿ ತನ್ನಲ್ಲಿ ಕೆಲಸಕ್ಕೆ ಸೇರಿದ ಥಾಮಸ್ ಮಿಜ್ಲಿ ಎಂಬ ತರುಣ ಎಂಜಿನಿಯರಿಗೆ ಕೆಟರಿಂಗನು ಈ ಸಮಸ್ಯೆಯನ್ನು ವಹಿಸಿದನು. ಸಿಲಿಂಡರಿನ ಒತ್ತಡ ಏರಿಳಿದಂತೆ ಪುಟ್ಟ ಕನ್ನಡಿಯೊಂದು ಅಲುಗಿ, ಅದರಿಂದ ಪ್ರತಿಫಲಿಸಿದ ಬೆಳಕು ಗೆರೆಯೆಳೆಯುವಂಥ ಉಪಕರಣವನ್ನು ಮಿಜ್ಲಿ ಎಂಜಿನ್ನಿಗೆ ಜೋಡಿಸಿದನು. ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುತ್ತಿದ್ದರೆ ಗೆರೆ ಮುಂಚೆಯೇ ಏರಬೇಕು. ಗೆರೆ ಹಾಗೆ ಏರಲಿಲ್ಲ. ಕಿಡಿ ತನ್ನ ಗಳಿಗೆಗೆ ಸರಿಯಾಗಿ ಬೀಳುತ್ತಿತ್ತು, ಉರಿ ಸರಿಯಾಗಿಯೇ ಹಬ್ಬುತ್ತಿತ್ತು. ಕೊನೆಯಲ್ಲಿ ಉಳಿದ ಮಿಶ್ರಣವು ಉರಿ ತನ್ನತ್ತ ಬರುವವರೆಗೆ ತಾಳದೆ ಒಮ್ಮೆಗೇ ಸಿಡಿಯುತ್ತಿತ್ತು. ಅಲ್ಲಿ ಒತ್ತಡದ ಗೆರೆ ನೆಟ್ಟಗೆ ಮೇಲಕ್ಕೆ ಹಾರುತ್ತಿತ್ತು. ಇಗ್ನಿಷನ್ ನಿರ್ದೋಷಿ. ತಪ್ಪಿತಸ್ಥ ಇಂಧನ.

ಏಕೆ ಸಿಡಿಯುತ್ತದೆ? ಇಲ್ಲಿ ಗುರುಶಿಷ್ಯರಿಬ್ಬರೂ ಒಂದು ವಿಚಿತ್ರ ಊಹೆ ಮಾಡಿದರು. ಹಿಮದ ನಡುವೆಯೇ ಹೂ ಬಿಡುವ ಒಂದು ಕಾಡುಬಳ್ಳಿಗೆ ಕೆಂಪು ಛಾಯೆಯ ಎಲೆಗಳಿರುವುದು ಅವರ ನೆನಪಿಗೆ ಬಂತು. ಕೆಂಪು ಬಣ್ಣ ಶಾಖವನ್ನು ಬೇಗ ಹೀರುವುದಾದರೆ, ಸೀಮೆಎಣ್ಣೆಗೆ ಕೆಂಪು ಬೆರೆಸಿದರೆ ಬೇಗ ಆವಿಯಾಗಿ ಸಿಡಿತ ನಿಂತೀತೇ? ಅದು ಶನಿವಾರ ಮಧ್ಯಾಹ್ನ. ಎಣ್ಣೆಯಲ್ಲಿ ಕರಗುವ ಬಣ್ಣ ಕೈಗೆ ಸಿಗಲಿಲ್ಲ. ಉಗ್ರಾಣದಲ್ಲಿದ್ದ ಅಯೊಡಿನ್ನನ್ನೇ ಮಿಜ್ಲಿ ಬೆರೆಸಿದನು. ನಾಕಿಂಗ್ ನಿಂತಿತು! ಯಾರಾದರೂ ಇಲ್ಲಿಗೆ ಊಹೆ ಸಿದ್ಧವಾಯಿತೆಂದು ಕೈತೊಳೆದುಕೊಳ್ಳುತ್ತಿದ್ದರು. ಮಿಜ್ಲಿ ಹಾಗೆ ಮಾಡಲಿಲ್ಲ. ಅಂಗಡಿ ತೆರೆದ ಮೇಲೆ ನಿಜವಾದ ಬಣ್ಣಗಳನ್ನು ತರಿಸಿ ಬೆರೆಸಿ ನೋಡಿದನು, ಏನೂ ಆಗಲಿಲ್ಲ. ಬಣ್ಣವೇ ಇಲ್ಲದ ಅಯೊಡಿನ್ ಸಂಯುಕ್ತವನ್ನು ಬೆರೆಸಿದನು, ನಾಕಿಂಗ್ ನಿಂತಿತು. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಗೊತ್ತಾಯಿತು. ಅಂತೂ ತಪ್ಪು ಊಹೆಯೇ ಸರಿಯಾದ ಬಾಗಿಲನ್ನು ತೆರೆಯಿತು: ಚಿಟಿಕೆಯಷ್ಟು ರಾಸಾಯನಿಕದಿಂದ ಸಿಡಿತವನ್ನು ಅಡಗಿಸಬಹುದು. ಈ ಪ್ರಕರಣದಲ್ಲಿ ನನಗೆ ಬಹು ಮೆಚ್ಚಿಕೆಯಾದ ಭಾಗವಿದು.

ಇಷ್ಟರಲ್ಲಿ ಡೆಲ್ಕೊ ಕೈಬದಲಾಗಿ ಜನರಲ್ ಮೋಟರ್ಸ್ ಸಂಸ್ಥೆಗೆ ಸೇರಿತ್ತು. 1920ರಿಂದ 1947ರವರೆಗೆ ಆ ಸಂಸ್ಥೆಯ ಸಂಶೋಧನ ವಿಭಾಗಕ್ಕೆ ಕೆಟರಿಂಗನೇ ಮುಖ್ಯಸ್ಥ. ಅಯೊಡಿನ್ ದುಬಾರಿ, ಲೋಹವನ್ನೂ ತಿನ್ನುತ್ತದೆ. ಅನಿಲಿನ್, ಸೆಲೆನಿಯಂ, ಟೆಲುರಿಯಂ ಎಂದು ಒಂದೊಂದನ್ನೇ ನೋಡಿದರು. ಟೆಲುರಿಯಂ ನಾಕಿಂಗನ್ನು ಚೆನ್ನಾಗಿ ತಡೆಯಿತು. ಆದರೆ ಅದರ ಬೆಳ್ಳುಳ್ಳಿಯಂಥ ದುರ್ವಾಸನೆ ಸ್ನಾನ ಮಾಡಿದರೂ ಬಟ್ಟೆ ಬದಲಾಯಿಸಿದರೂ ಬಿಡುತ್ತಿರಲಿಲ್ಲ. ಕೊನೆಗೆ ಮೂಲವಸ್ತುಗಳ ಕೋಷ್ಟಕವನ್ನು ಗೋಡೆಯ ಮೇಲೆ ಹಿಡಿದು ಸಾಲುಗಳ ಜಾಡಿನಲ್ಲಿ ಹೋಗಿ, 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪರೀಕ್ಷಿಸಿದರು. ಒಂದು ಗ್ಯಾಲನ್ ಪೆಟ್ರೋಲಿಗೆ ಸುಮಾರು 3 ಘನ ಸೆಂಟಿಮೀಟರ್ ಬೆರೆಸಿದರೆ ನಾಕಿಂಗ್ ಮಾಯ. 1923ರ ಫೆಬ್ರುವರಿಯಲ್ಲಿ ಡೇಟನ್ನಿನ ಒಂದು ಬಂಕಿನಲ್ಲಿ ಮಾರಾಟ ಮೊದಲಾಯಿತು. ಅದಕ್ಕೆ ಇಟ್ಟ ಹೆಸರು ಈಥೈಲ್. ಹೆಸರಿನಲ್ಲಿ ಸೀಸದ ಸುಳಿವಿರಲಿಲ್ಲ.

ಸೀಸ ವಿಷವೆಂಬುದು ರೋಮನ್ನರ ಕಾಲದಿಂದ ತಿಳಿದ ಸಂಗತಿ. ಸ್ವತಃ ಮಿಜ್ಲಿಯೇ ಸೀಸದ ವಿಷವೇರಿ 1923ರ ಆರಂಭದಲ್ಲಿ ಕೆಲವು ವಾರ ವಿಶ್ರಾಂತಿಗೆ ಹೋಗಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಈ ದ್ರವವನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೂಲಿಗಳು ಚಿತ್ತಭ್ರಮಣೆಗೊಳಗಾದರು. ಐವರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅದೇ ತಿಂಗಳು ಮಿಜ್ಲಿ ಪತ್ರಿಕೆಯವರ ಮುಂದೆ ಆ ದ್ರವದಲ್ಲಿ ಕೈತೊಳೆದು ತೋರಿಸಿದನು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರಕಾರದ ವೈದ್ಯಾಧಿಕಾರಿ ಸಭೆ ಕರೆದನು. ಕೆಟರಿಂಗನು ಕಂಪನಿಯ ಪರವಾಗಿ ಮಾತಾಡಿದನು. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ, ಯೇಲ್ ವಿಶ್ವವಿದ್ಯಾನಿಲಯದ ಯಾಂಡೆಲ್ ಹೆಂಡರ್ಸನ್ ಮುಂತಾದವರು ವಿರೋಧಿಸಿದರು. ಅವರ ಅಂಜಿಕೆ ಕಾರ್ಖಾನೆಯ ಕೂಲಿಗಳದಷ್ಟೇ ಆಗಿರದೆ, ಬೀದಿಯ ಹೊಗೆಯನ್ನು ವರ್ಷಗಟ್ಟಲೆ ಉಸಿರಾಡುವ ಜನರದಾಗಿತ್ತು. ಮಾರಾಟ ಕೆಲವು ತಿಂಗಳು ನಿಂತು, 1926ರಲ್ಲಿ ಮತ್ತೆ ತೊಡಗಿತು. ಮುಂದೆ ಕೆಲವು ದಶಕಗಳವರೆಗೆ ಸೀಸದ ಪರಿಣಾಮವನ್ನು ಹೆಚ್ಚಾಗಿ ಪರಿಶೀಲಿಸಿದ್ದು ಸಿನ್ಸಿನಾಟಿಯ ಒಂದು ಪ್ರಯೋಗಶಾಲೆ. ಅದಕ್ಕೆ ಹಣ ಕೊಟ್ಟವರು ಸೀಸ ಮಾರುತ್ತಿದ್ದ ಕಂಪನಿಗಳೇ. ಪ್ರಯೋಗಶಾಲೆಯ ಹೆಸರು ಕೆಟರಿಂಗ್ ಪ್ರಯೋಗಶಾಲೆ.

ಇಲ್ಲಿಯೇ ನನ್ನ ಮನಸ್ಸು ತಡೆಯುವುದು. ತನ್ನ ಇಗ್ನಿಷನ್ನಿನ ಮೇಲೆ ಬಂದ ಆರೋಪವನ್ನು ಊರ ಮಾತೆಂದು ಒಪ್ಪದೆ ಕನ್ನಡಿ ಕಟ್ಟಿ ಪರೀಕ್ಷಿಸಿದವನು ಈತನೇ. ಕೆಂಪು ಬಣ್ಣದ ಊಹೆ ಗೆದ್ದಂತೆ ಕಂಡಾಗಲೂ ಎದುರು ಪರೀಕ್ಷೆ ನಡೆದದ್ದು ಈತನ ಪ್ರಯೋಗಶಾಲೆಯಲ್ಲೇ. ಸೀಸದ ವಿಷಯದಲ್ಲಿ ಮಾತ್ರ ಪರೀಕ್ಷೆಯ ಭಾರವನ್ನು ಎದುರಾಳಿಗಳ ಮೇಲೆ ಹೊರಿಸಿ ಸುಮ್ಮನಾದನು. ಮದ್ಯಸಾರವನ್ನು ಬೆರೆಸಿದರೂ ನಾಕಿಂಗ್ ಅಡಗುತ್ತದೆಂದು ಆತನ ತಂಡಕ್ಕೆ ಗೊತ್ತಿತ್ತು. ಆದರೆ ಮದ್ಯಸಾರ ಪಾಲುಗಟ್ಟಲೆ ಬೇಕು. ಸೀಸವಾದರೆ ತೊಟ್ಟು ಸಾಕು, ಪೇಟೆಂಟೂ ಕೈಯಲ್ಲಿತ್ತು. ನಮ್ಮ ದೇಶದ ಬಂಕುಗಳಲ್ಲಿ ಇಂದು ಪೆಟ್ರೋಲಿಗೆ ಶೇಕಡ 20ರವರೆಗೆ ಬೆರೆಸುವ ಎಥನಾಲ್ ಅದೇ ಮದ್ಯಸಾರ. ಅದರ ಒಂದು ಭಾಗ ನಮ್ಮ ಕಬ್ಬಿನ ಗದ್ದೆಗಳಿಂದಲೇ ಬರುತ್ತದೆ.

ಒಂದು ವಿನೋದವನ್ನೂ ಹೇಳಬೇಕು. ಸೀಸವು ನಾಕಿಂಗನ್ನೇನೋ ನಿಲ್ಲಿಸಿತು, ಆದರೆ ಉರಿದ ಮೇಲೆ ಅದರ ಕಿಟ್ಟ ಪ್ಲಗ್ಗಿನ ತುದಿಯಲ್ಲಿ ಕೂತು ಕಿಡಿಯನ್ನೇ ಕೆಡಿಸುತ್ತಿತ್ತು. ಕಿಡಿಯನ್ನು ಸರಿಮಾಡಲು ಹೊರಟವನ ಮದ್ದಿನಿಂದಲೇ ಮಿಸ್ಸಿಂಗ್! ಕಿಟ್ಟವನ್ನು ಹೊಗೆಯೊಂದಿಗೆ ಹೊರಗೆ ಸಾಗಿಸಲು ಬ್ರೋಮಿನ್ ಸಂಯುಕ್ತವೊಂದನ್ನು ಸೇರಿಸಿದರು; ಬ್ರೋಮಿನ್ ಸಾಲದೆ ಸಮುದ್ರದ ನೀರಿನಿಂದಲೇ ಅದನ್ನು ತೆಗೆದರು. ಎಂಜಿನ್ನು ಶುದ್ಧವಾಯಿತು. ಸೀಸವೆಲ್ಲ ಗಾಳಿಗೆ ಹೋಯಿತು.

ಕೆಟರಿಂಗನ ಉಳಿದ ಕೆಲಸಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ನೀರಿಲ್ಲದೆ ತಾಮ್ರದ ರೆಕ್ಕೆಗಳಿಂದ ತಣ್ಣಗಾಗುವ ಷೆವ್ರೊಲೆ ಎಂಜಿನ್ 1923ರಲ್ಲಿ ಪೂರ್ತಿ ಸೋತು, ಮಾರಿದ ಕಾರುಗಳನ್ನು ಹಿಂದಕ್ಕೆ ತರಿಸಬೇಕಾಯಿತು. ವಾರಗಟ್ಟಲೆ ಒಣಗಬೇಕಿದ್ದ ಕಾರಿನ ಬಣ್ಣ ಬೇಗ ಒಣಗುವಂತಾದದ್ದು, ರೈಲುಗಳಿಗೆ ಡೀಸೆಲ್ ಎಂಜಿನ್ ಒದಗಿದ್ದು ಆತನ ವಿಭಾಗದ ಗೆಲವುಗಳು. 1945ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆಗೆ ಸ್ಲೋನ್‌ನ ಹೆಸರಿನ ಜೊತೆ ಆತನ ಹೆಸರೂ ಸೇರಿದೆ. 1958ರ ನವೆಂಬರ್ 25ರಂದು ಡೇಟನ್ನಿನಲ್ಲಿ ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಪಾಯಿಂಟು ಕಂಡೆನ್ಸರುಗಳ ಜಾಗಕ್ಕೆ 1970ರ ದಶಕದಿಂದ ಎಲೆಕ್ಟ್ರಾನಿಕ್ ಉಪಕರಣಗಳು ಬಂದವು. ಆದರೆ ಕಾಯಿಲಿನಲ್ಲಿ ಶಕ್ತಿ ತುಂಬಿ ತಟ್ಟನೆ ಕಡಿದು ಕಿಡಿ ಪಡೆಯುವ ತತ್ತ್ವ ಇಂದಿನ ಪೆಟ್ರೋಲ್ ಕಾರುಗಳಲ್ಲೂ ಆತನದೇ.

ಸೀಸದ ಲೆಕ್ಕ ಹೊರಬಿದ್ದದ್ದು ಬೇರೊಂದು ದಿಕ್ಕಿನಿಂದ. ಭೂಮಿಯ ವಯಸ್ಸನ್ನು ಕಲ್ಲಿನಲ್ಲಿರುವ ಸೀಸದಿಂದ ಅಳೆಯುತ್ತಿದ್ದ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿಗೆ ತನ್ನ ಪ್ರಯೋಗಶಾಲೆಯ ಧೂಳು, ನೀರು, ಗಾಳಿಗಳಲ್ಲೆಲ್ಲ ಇರಬಾರದಷ್ಟು ಸೀಸ ಸಿಕ್ಕಿ ಲೆಕ್ಕ ಕೆಡುತ್ತಿತ್ತು. ಇದು ಎಲ್ಲಿಂದ ಬರುತ್ತಿದೆ ಎಂದು ಆತನು ಹುಡುಕತೊಡಗಿ, 1965ರಲ್ಲಿ ತನ್ನ ತೀರ್ಮಾನವನ್ನು ಪ್ರಕಟಿಸಿದನು. ಮಕ್ಕಳ ಬುದ್ಧಿಯನ್ನೇ ಸೀಸ ಕುಗ್ಗಿಸುತ್ತದೆಂಬುದು ಬರಬರುತ್ತ ಸ್ಪಷ್ಟವಾಯಿತು. ಅಮೆರಿಕ 1996ರಲ್ಲಿ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲನ್ನು ನಿಷೇಧಿಸಿತು. ಭಾರತದಲ್ಲಿ ಅದು 2000ದಲ್ಲಿ ನಿಂತಿತು. ಕಟ್ಟಕಡೆಯದಾಗಿ ಅಲ್ಜೀರಿಯದ ಬಂಕುಗಳಲ್ಲಿ ಮಾರಾಟ ಮುಗಿದದ್ದು 2021ರ ಜುಲೈನಲ್ಲಿ. ಕೆಟರಿಂಗನು ತೀರಿಕೊಂಡು ಅಷ್ಟು ಹೊತ್ತಿಗೆ 62 ವರ್ಷಗಳು ಕಳೆದಿದ್ದವು.